ಒಂದೇ ಲೆನ್ಸಿನಲ್ಲಿ ಎಲ್ಲವೂ: ಪ್ರವಾಸದ ಝೂಮ್ ಲೆನ್ಸಿನ ಚಿತ್ರಗಳು ಮಂಕಾಗುವುದೇಕೆ?

ಪ್ರವಾಸ ಮುಗಿಸಿ ಬಂದು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದಾಗ ನಿರಾಸೆ ಹೆಚ್ಚಾಗಿ ಒಂದೇ ಬಗೆಯಲ್ಲಿ ಎದುರಾಗುತ್ತದೆ. 18-300 ಎಂಎಂ ಲೆನ್ಸಿನಲ್ಲಿ (ಈ ಅಂಕಿಯೇ ಫೋಕಲ್ ಲೆಂಗ್ತ್: ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ) 35ರ ಆಸುಪಾಸಿನಲ್ಲಿ ತೆಗೆದ ಚಿತ್ರಗಳು ಚೆನ್ನಾಗಿಯೇ ಇರುತ್ತವೆ. 300ಕ್ಕೆ ಎಳೆದು ತೆಗೆದ ಹಕ್ಕಿಯ ಗರಿಗಳು ಮಾತ್ರ ಒದ್ದೆ ಬಣ್ಣದಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. 18ರಲ್ಲಿ ತೆಗೆದ ಕಟ್ಟಡದ ಚಿತ್ರದಲ್ಲಿ ಮೂಲೆಯ ಕಿಟಕಿಗಳು ಕರಗಿರುತ್ತವೆ, ಅಂಚಿನ ಗೋಡೆ ಹೊರಕ್ಕೆ ಉಬ್ಬಿರುತ್ತದೆ. ರಾತ್ರಿ ಮನೆಯೊಳಗೆ ತೆಗೆದ ಮುಖಗಳ ಮೇಲೆ ಮರಳು ಎರಚಿದಂತೆ ಕಾಳುಕಾಳು. ಇಷ್ಟಕ್ಕೂ ನಾವು ಕೊಡುವ ಹೆಸರು ಒಂದೇ: ‘ಲೆನ್ಸ್ ಸಾಫ್ಟ್ ಇದೆ.’

ಇವು ಬೇರೆ ಬೇರೆ ಕಾಯಿಲೆಗಳು. ಕೆಲವಕ್ಕೆ ಗಾಜೇ ಕಾರಣ, ಕೆಲವಕ್ಕೆ ಶಟರ್ ಸ್ಪೀಡ್ (ಸೆನ್ಸರಿಗೆ ಬೆಳಕು ಬೀಳುವ ಅವಧಿ), ಕೆಲವಕ್ಕೆ ನಡುವಿನ ಗಾಳಿ, ಇನ್ನು ಕೆಲವಕ್ಕೆ ಚಿತ್ರವನ್ನು ನಾವು ನೋಡುವ ರೀತಿ. ಯಾವುದಕ್ಕೆ ಯಾವುದು ಕಾರಣ ಎಂದು ಬಿಡಿಸಿ ನೋಡದೆ ಲೆನ್ಸ್ ಮಾರಿ ಇನ್ನೊಂದನ್ನು ಕೊಂಡರೆ ಅದೇ ಮಂಕು ಹೊಸ ಲೆನ್ಸಿನಲ್ಲೂ ಕಾಣಿಸಿಕೊಳ್ಳಬಹುದು. ಹಾಗಾಗಿ ಮೊದಲು ಗಾಜಿನ ಪಾಲೆಷ್ಟು ಎಂದು ತಿಳಿದುಕೊಂಡು, ಆಮೇಲೆ ಉಳಿದವಕ್ಕೆ ಬರೋಣ.

ಗಾಜಿನ ಮೇಲಿನ ಹೊರೆ

ಈ ಬಗೆಯ ಲೆನ್ಸಿನಲ್ಲಿ ಗಾಜುಗಳು ಗುಂಪುಗುಂಪಾಗಿ ಕೂತಿರುತ್ತವೆ. ಸಾಮಾನ್ಯವಾಗಿ ಮುಂದಿನ ಗುಂಪು ಬೆಳಕನ್ನು ಕೂಡಿಸುವಂಥದ್ದು, ಅದರ ಹಿಂದಿನದು ಬಲವಾಗಿ ಹರಡಿಸುವಂಥದ್ದು. 18 ಎಂಎಂನಲ್ಲಿ ಇವೆರಡೂ ಹತ್ತಿರ ಹತ್ತಿರ ಕೂತು, ಒಟ್ಟಾರೆಯಾಗಿ ಬೆಳಕನ್ನು ಹರಡಿಸುತ್ತವೆ. ಅಗಲವಾದ ನೋಟ ಸಿಗುವುದು ಹಾಗೆ. ಝೂಮ್ ರಿಂಗ್ ತಿರುಗಿಸಿದಂತೆ ಮುಂದಿನ ಗುಂಪು ಚಾಚಿಕೊಂಡು ದೂರ ಸರಿಯುತ್ತದೆ, ಕೂಡಿಸುವ ಗುಣ ಮೇಲುಗೈ ಪಡೆದು ಲೆನ್ಸು ದೂರದರ್ಶಕದಂತೆ ವರ್ತಿಸುತ್ತದೆ. ಅಂದರೆ ಒಂದು ತುದಿಯಲ್ಲಿ ಮಾಡಿದ ಕೆಲಸಕ್ಕೆ ಪೂರ್ತಿ ವಿರುದ್ಧವಾದದ್ದನ್ನು ಅವೇ ಗಾಜುಗಳು ಇನ್ನೊಂದು ತುದಿಯಲ್ಲಿ ಮಾಡಬೇಕು. ಪ್ರತಿ ಗಾಜೂ ಒಂದಿಷ್ಟು ದೋಷ ತರುತ್ತದೆ, ಇನ್ನೊಂದು ಗಾಜು ಅದನ್ನು ಸರಿದೂಗಿಸುತ್ತದೆ. 50 ಎಂಎಂ ಪ್ರೈಮ್ (ಝೂಮ್ ಇಲ್ಲದ) ಲೆನ್ಸಿನಲ್ಲಿ ಈ ಲೆಕ್ಕವನ್ನು ಒಂದೇ ಒಂದು ಫೋಕಲ್ ಲೆಂಗ್ತಿಗೆ ಹೊಂದಿಸಿದರೆ ಸಾಕು. 24-70 ಅಥವಾ 70-200ರಂಥ ಝೂಮ್‌ನಲ್ಲಿ ಸುಮಾರು 3 ಪಟ್ಟು ವ್ಯಾಪ್ತಿಗೆ ಹೊಂದಿಸಬೇಕು. 18-300ರಲ್ಲಿ ಆ ವ್ಯಾಪ್ತಿ 16 ಪಟ್ಟಿಗೂ ಮಿಕ್ಕಿದ್ದು. 1992ರಲ್ಲಿ ಟ್ಯಾಮ್ರಾನ್ 28-200 ಎಂಎಂ ಲೆನ್ಸ್ ತಂದಾಗ ವ್ಯಾಪ್ತಿ 7 ಪಟ್ಟು. 2017ರಲ್ಲಿ ಅದೇ ಸಂಸ್ಥೆಯ 18-400 ಬಂದಾಗ 22 ಪಟ್ಟು. ವಿಶೇಷ ಗಾಜು, ಆಸ್ಫೆರಿಕಲ್ (ಗೋಳಾಕಾರವಲ್ಲದ) ಮೇಲ್ಮೈ, ಕಂಪ್ಯೂಟರ್ ಲೆಕ್ಕಾಚಾರ ಎಲ್ಲವೂ ಸುಧಾರಿಸಿವೆ, ನಿಜ. ಆದರೆ ಆ ಸುಧಾರಣೆಯ ದೊಡ್ಡ ಪಾಲು ವ್ಯಾಪ್ತಿಯನ್ನು ಹಿಗ್ಗಿಸುವುದಕ್ಕೇ ಖರ್ಚಾಗಿದೆ.

ಗಾಜು ಹೆಚ್ಚಾದಷ್ಟೂ ಇನ್ನೊಂದು ನಷ್ಟವಿದೆ. ಒಂದಕ್ಕೊಂದು ಅಂಟಿಸಿದ ಗಾಜುಗಳನ್ನು ಒಂದೇ ಗುಂಪೆಂದು ಎಣಿಸಿದಾಗ 12 ಗುಂಪುಗಳಿರುವ ಲೆನ್ಸಿನಲ್ಲಿ ಬೆಳಕು 24 ಬಾರಿ ಗಾಜು-ಗಾಳಿಯ ಗಡಿ ದಾಟಬೇಕು. ಲೇಪನವಿಲ್ಲದ ಗಾಜು ಪ್ರತಿ ಗಡಿಯಲ್ಲೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಒಳ್ಳೆಯ ಲೇಪನವಿದ್ದು ಅದು ಶೇ. 0.5ಕ್ಕೆ ಇಳಿಯಿತು ಎಂದಿಟ್ಟುಕೊಂಡರೂ 24 ಗಡಿ ದಾಟುವಷ್ಟರಲ್ಲಿ ಶೇ. 11ರಷ್ಟು ಬೆಳಕು ದಾರಿ ತಪ್ಪಿರುತ್ತದೆ. ಅದರಲ್ಲಿ ಒಂದಂಶ ಲೆನ್ಸಿನೊಳಗೇ ಪುಟಿದಾಡಿ ಕೊನೆಗೆ ಸೆನ್ಸರ್ ಮೇಲೆ ತೆಳುವಾದ ಪೊರೆಯಂತೆ ಹರಡುತ್ತದೆ. ಕಪ್ಪು ಬಣ್ಣ ಬೂದಿಯಾಗುವುದು, ಸೂರ್ಯನ ದಿಕ್ಕಿಗೆ ತಿರುಗಿದರೆ ಇಡೀ ಚಿತ್ರ ಬಿಳಚಿಕೊಳ್ಳುವುದು ಇದರಿಂದ.

ಇನ್ನು ಕಿಂಡಿಯ, ಅಂದರೆ ಅಪರ್ಚರಿನ ಗಾತ್ರ. ಫೋಕಲ್ ಲೆಂಗ್ತನ್ನು ಎಫ್ ಅಂಕಿಯಿಂದ ಭಾಗಿಸಿದರೆ ಅದು ಸಿಗುತ್ತದೆ. 300 ಎಂಎಂನಲ್ಲಿ ಎಫ್/6.3 ಎಂದರೆ ಬೆಳಕಿಗೆ ಸಿಗುವ ಬಾಗಿಲು ಸುಮಾರು 48 ಎಂಎಂ ಅಗಲ. ಎಫ್/2.8 ಬೇಕೆಂದರೆ 107 ಎಂಎಂ ಬಾಗಿಲು ಬೇಕು. ಅಂಥ ಲೆನ್ಸನ್ನು ಕುತ್ತಿಗೆಗೆ ಹಾಕಿಕೊಂಡು ದಿನವಿಡೀ ಅಲೆಯಲಾಗದು. ಚಿಕ್ಕ ಬಾಗಿಲು ತಯಾರಕರ ಜಿಪುಣತನವಲ್ಲ, ಹಗುರವಾಗಿರಬೇಕು ಎಂಬ ಬೇಡಿಕೆಗೆ ತೆತ್ತ ಬೆಲೆ.

ನೂರು ಪರ್ಸೆಂಟ್ ಎಂಬ ಭೂತಗನ್ನಡಿ

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. 24 ಮೆಗಾಪಿಕ್ಸೆಲ್ ಚಿತ್ರ 6000 ಪಿಕ್ಸೆಲ್ ಅಗಲ. ಅದನ್ನು 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ನೂರು ಪರ್ಸೆಂಟಿಗೆ ಹಿಗ್ಗಿಸಿದರೆ, 5 ಅಡಿಗೂ ಹೆಚ್ಚು ಅಗಲದ ಮುದ್ರಿತ ಚಿತ್ರಕ್ಕೆ ಮೂಗು ತಾಗಿಸಿ ನೋಡಿದಂತೆ. 12x8 ಇಂಚಿನ ಪ್ರಿಂಟಿಗೆ 300 ಡಿಪಿಐನಲ್ಲಿ ಬೇಕಾಗುವುದು 3600x2400 ಪಿಕ್ಸೆಲ್, ಅಂದರೆ 9 ಮೆಗಾಪಿಕ್ಸೆಲಿಗಿಂತ ಕಡಿಮೆ. 4ಕೆ ಟಿವಿಗೆ 8.3, ಫುಲ್ ಎಚ್‌ಡಿ ಪರದೆಗೆ 2 ಮೆಗಾಪಿಕ್ಸೆಲ್ ಸಾಕು. ಆದ್ದರಿಂದ ತೀರ್ಪು ಕೊಡುವ ಮುನ್ನ ಚಿತ್ರವನ್ನು 3000 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ. ನಾಲ್ಕು ಪಿಕ್ಸೆಲ್ ಸೇರಿ ಒಂದಾದಾಗ ಸಣ್ಣಪುಟ್ಟ ಮಂಕು ಮಾಯವಾಗುತ್ತದೆ. ಆಮೇಲೂ ಮಂಕು ಉಳಿದಿದ್ದರೆ ಅದು ನಿಜವಾದ ತೊಂದರೆ, ಮುಂದಿನ ಮಾತುಗಳು ಅದರ ಬಗ್ಗೆ.

ಮೊದಲ ಅನುಮಾನ ಕೈಯ ಮೇಲೆ

300 ಎಂಎಂ ಚಿತ್ರಗಳು ಹಾಳಾಗಲು ಗಾಜಿಗಿಂತ ಅಲುಗಾಟವೇ ಹೆಚ್ಚು ಬಾರಿ ಕಾರಣ. ಲೆಕ್ಕ ಸರಳ. 24 ಮೆಗಾಪಿಕ್ಸೆಲಿನ ಎಪಿಎಸ್-ಸಿ (35 ಎಂಎಂ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಾದ) ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್ ಅಗಲ. 18 ಎಂಎಂನಲ್ಲಿ ಆ ಒಂದು ಪಿಕ್ಸೆಲ್ 100 ಮೀಟರ್ ದೂರದಲ್ಲಿ 2 ಸೆಂಟಿಮೀಟರಿಗೂ ಹೆಚ್ಚು ಅಗಲವನ್ನು ನೋಡುತ್ತದೆ. 300ರಲ್ಲಿ ಬರೀ 1.3 ಮಿಲಿಮೀಟರ್. ಕೈ ಅದೇ ಕೈ, ಅದುರುವುದೂ ಅಷ್ಟೇ. ಆದರೆ 18ರಲ್ಲಿ ಒಂದು ಪಿಕ್ಸೆಲ್ಲನ್ನೂ ದಾಟದ ಅದುರು 300ರಲ್ಲಿ 16 ಪಿಕ್ಸೆಲ್ ಉದ್ದಕ್ಕೆ ಎಳೆಯುತ್ತದೆ.

ಹಳೆಯ ಸೂತ್ರ ಎಲ್ಲರಿಗೂ ಗೊತ್ತು: ಶಟರ್ ಸ್ಪೀಡ್ ಫೋಕಲ್ ಲೆಂಗ್ತಿನಷ್ಟಾದರೂ ಇರಲಿ, ಅಂದರೆ 300 ಎಂಎಂಗೆ 1/300 ಸೆಕೆಂಡ್ ಎಂಬುದು. ಅದು 35 ಎಂಎಂ ಫಿಲ್ಮಿನ ಕಾಲದ್ದು. ಎಪಿಎಸ್-ಸಿಯಲ್ಲಿ 300 ಎಂಎಂ ಎಂದರೆ ನೋಟದ ಲೆಕ್ಕದಲ್ಲಿ 450; ಹಾಗಾಗಿ ಕನಿಷ್ಠ 1/500 ಸೆಕೆಂಡ್. ಪಿಕ್ಸೆಲ್ ಮಟ್ಟದಲ್ಲಿ ಶಾರ್ಪ್ ಬೇಕಾದರೆ 1/1000 ಒಳ್ಳೆಯದು.

‘ಅದುರು ತಡೆಯುವ ಸ್ಟೆಬಿಲೈಸರ್ ಇದೆಯಲ್ಲ?’ ಎಂಬ ಪ್ರಶ್ನೆ ಸಹಜ. 4 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಲೆಕ್ಕದ ಪ್ರಕಾರ 1/500 ಬದಲು 1/30 ಸಾಕು. ಆ ಅಂಕಿ ನಿಯಂತ್ರಿತ ಪರೀಕ್ಷೆಯದ್ದು. ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ, ಗಾಳಿ ಬೀಸುವಾಗ ಅದರಲ್ಲಿ ಎರಡು ಸ್ಟಾಪ್ ಕಳೆದೇ ಲೆಕ್ಕ ಹಾಕಿ: 1/125. ಜೊತೆಗೆ, ಸ್ಟೆಬಿಲೈಸರ್ ನಿಮ್ಮ ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಎದುರಿಗಿರುವವರನ್ನಲ್ಲ. ನಡೆಯುವವರಿಗೆ 1/250ರಿಂದ 1/500, ಓಡುವ ಮಗುವಿಗೆ 1/1000, ಹಾರುವ ಹಕ್ಕಿಗೆ 1/2000 ಬೇಕು. ಬಟನ್ ಅರ್ಧ ಒತ್ತಿ ಅರ್ಧ ಸೆಕೆಂಡಾದರೂ ಕಾಯಿರಿ; ಸ್ಟೆಬಿಲೈಸರ್ ನೆಲೆಗೊಳ್ಳಲು ಅಷ್ಟು ಸಮಯ ಬೇಕು. ಬಟನ್ ಒತ್ತಿದ ಕ್ಷಣದ ಅದುರು ಮೊದಲ ಚಿತ್ರಕ್ಕೆ ತಗಲುವುದರಿಂದ 3-4 ಚಿತ್ರಗಳ ಬರ್ಸ್ಟ್ ತೆಗೆದರೆ ನಡುವಿನದು ಹೆಚ್ಚಾಗಿ ಚೆನ್ನಾಗಿರುತ್ತದೆ. ಟ್ರೈಪಾಡ್ ಮೇಲಿಟ್ಟಾಗ, ಕ್ಯಾಮೆರಾ ಅದನ್ನು ತಾನೇ ಗುರುತಿಸುವಂಥದ್ದಲ್ಲದಿದ್ದರೆ, ಸ್ಟೆಬಿಲೈಸರ್ ಆಫ್ ಮಾಡಿ. ಇಲ್ಲದ ಅದುರನ್ನು ಹುಡುಕಿಕೊಂಡು ಅದೇ ಚಿತ್ರವನ್ನು ಕದಲಿಸಬಲ್ಲದು.

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಇನ್ನೊಂದು ಗುಪ್ತ ಕಾರಣವಿದೆ. ಮೆಕ್ಯಾನಿಕಲ್ ಶಟರ್ ಮುಚ್ಚಿ ತೆರೆಯುವ ಹೊಡೆತಕ್ಕೆ ಹಗುರವಾದ ಕ್ಯಾಮೆರಾ ಮತ್ತು ಮುಂದಕ್ಕೆ ಚಾಚಿದ ಲೆನ್ಸ್ ನಡುಗುತ್ತವೆ. 1/60ರಿಂದ 1/250ರ ನಡುವೆ ಇದರ ಕಾಟ ಜಾಸ್ತಿ, ಗೆರೆಗಳು ಮೇಲೆ-ಕೆಳಗೆ ಜೋಡಿಯಾಗಿ ಕಾಣಿಸುತ್ತವೆ. ಮೆನುವಿನಲ್ಲಿ ‘ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್’ ಆರಿಸಿದರೆ ಮುಗಿಯಿತು. ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಬೇಡ. ವೇಗವಾಗಿ ಚಲಿಸುವ ವಸ್ತುಗಳು ಓರೆಯಾಗುತ್ತವೆ, ಎಲ್‌ಇಡಿ ದೀಪದ ಕೆಳಗೆ ಪಟ್ಟೆಗಳು ಬರುತ್ತವೆ.

ಫೋಕಸ್ ತಪ್ಪಿದ್ದೋ, ಕೈ ಅದುರಿದ್ದೋ?

ಇವೆರಡನ್ನೂ ಚಿತ್ರ ನೋಡಿಯೇ ಹೇಳಬಹುದು. ಅದುರಿದ ಚಿತ್ರದಲ್ಲಿ ಎಲ್ಲೂ ಶಾರ್ಪ್ ಇರುವುದಿಲ್ಲ. ನೀರ ಹನಿಯ ಹೊಳಪು, ಕಣ್ಣಿನ ಮಿನುಗುಗಳಂಥ ಚುಕ್ಕೆಗಳು ಒಂದೇ ದಿಕ್ಕಿನ ಪುಟ್ಟ ಗೆರೆಗಳಾಗಿರುತ್ತವೆ. ಫೋಕಸ್ ತಪ್ಪಿದ್ದರೆ ಆ ಚುಕ್ಕೆಗಳು ದುಂಡಗೆ ಊದಿಕೊಂಡಿರುತ್ತವೆ, ಮತ್ತು ಹಿಂದಿನ ರೆಂಬೆಯೋ ಮುಂದಿನ ಹುಲ್ಲೋ ಎಲ್ಲೋ ಒಂದು ಕಡೆ ಗರಿಗರಿಯಾಗಿ ಮೂಡಿರುತ್ತದೆ. ವಸ್ತು ಮಾತ್ರ ಎಳೆದಂತಿದ್ದು ಹಿನ್ನೆಲೆ ಸರಿಯಿದ್ದರೆ, ವಸ್ತುವೇ ಚಲಿಸಿದೆ. ಎಲ್ಲವೂ ಸಮನಾಗಿ, ದಿಕ್ಕಿಲ್ಲದೆ, ಹಾಲು ಬೆರೆಸಿದಂತೆ ಮಂಕಾಗಿದ್ದರೆ ಆಗ ಗಾಜು, ಫಿಲ್ಟರ್ ಅಥವಾ ಗಾಳಿಯ ಕಡೆಗೆ ತಿರುಗಬೇಕು.

300 ಎಂಎಂ, ಎಫ್/6.3ರಲ್ಲಿ 10 ಮೀಟರ್ ದೂರದ ವಸ್ತುವಿಗೆ ಸಿಗುವ ಫೋಕಸ್ ಆಳ ಎಪಿಎಸ್-ಸಿಯಲ್ಲಿ 28 ಸೆಂಟಿಮೀಟರಿನಷ್ಟು. 5 ಮೀಟರಿನಲ್ಲಿ 7 ಸೆಂಟಿಮೀಟರ್ ಮಾತ್ರ. ದೊಡ್ಡ ಚೌಕದ ಆಟೊಫೋಕಸ್ ಇಟ್ಟರೆ ಕ್ಯಾಮೆರಾ ಹಕ್ಕಿಯ ಬದಲು ಎದುರಿನ ಕಡ್ಡಿಯನ್ನು ಹಿಡಿಯುತ್ತದೆ. ಚಿಕ್ಕ ಒಂಟಿ ಪಾಯಿಂಟ್ ಬಳಸಿ. ಈ ಲೆನ್ಸುಗಳಲ್ಲಿ ಝೂಮ್ ಬದಲಿಸಿದರೆ ಫೋಕಸ್ ಕೂಡ ಜರುಗುವುದೇ ಹೆಚ್ಚು, ಆದ್ದರಿಂದ ಝೂಮ್ ಮೊದಲು, ಫೋಕಸ್ ಆಮೇಲೆ. ಕನ್ನಡಿಯಿರುವ ಡಿಎಸ್‌ಎಲ್‌ಆರ್ ಆಗಿದ್ದರೆ ಒಮ್ಮೆ ವ್ಯೂಫೈಂಡರ್ ಮೂಲಕ, ಒಮ್ಮೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡುತ್ತ), ಟ್ರೈಪಾಡ್ ಮೇಲೆ ಅದೇ ವಸ್ತುವಿಗೆ ಫೋಕಸ್ ಮಾಡಿ ಹೋಲಿಸಿ. ಲೈವ್ ವ್ಯೂ ಚಿತ್ರವೇ ಮತ್ತೆ ಮತ್ತೆ ಚೆನ್ನಾಗಿ ಬಂದರೆ ಲೆನ್ಸಿನ ಗಾಜು ಸರಿಯಿದೆ, ಆಟೊಫೋಕಸ್ ಹೊಂದಾಣಿಕೆ ತಪ್ಪಿದೆ ಎಂದು ಅರ್ಥ. ಫೈನ್ ಟ್ಯೂನ್ ಸೌಲಭ್ಯ ಬಳಸುವಾಗ ಟೆಲಿ (300ರ) ತುದಿಗೆ ಹೊಂದಿಸಿ; ವೈಡ್ (18ರ) ತುದಿಯಲ್ಲಿ ಫೋಕಸ್ ಆಳ ಹೆಚ್ಚಿರುವುದರಿಂದ ಸಣ್ಣ ತಪ್ಪು ಮುಚ್ಚಿಹೋಗುತ್ತದೆ.

ಹತ್ತಿರದ ಚಿಟ್ಟೆಯನ್ನು 300ರಲ್ಲಿ ತೆಗೆದರೂ ನಿರೀಕ್ಷಿಸಿದಷ್ಟು ದೊಡ್ಡದಾಗಿ ಬರದಿರುವುದು ಇನ್ನೊಂದು ದೂರು. ಒಳಗಿನ ಗಾಜು ಸರಿದು ಫೋಕಸ್ ಮಾಡುವ ಲೆನ್ಸುಗಳಲ್ಲಿ ಹತ್ತಿರಕ್ಕೆ ಬಂದಂತೆ ಫೋಕಲ್ ಲೆಂಗ್ತ್ ತಾನೇ ಕುಗ್ಗುತ್ತದೆ. ಬರೆದಿರುವ 300 ಎಂಬುದು ಅನಂತ ದೂರಕ್ಕೆ ಫೋಕಸ್ ಮಾಡಿದಾಗಿನ ಅಳತೆ. ಇದು ಕೆಟ್ಟಿರುವುದರ ಲಕ್ಷಣವಲ್ಲ.

ಎಫ್/8 ಎಂಬ ಕಿರಿದಾದ ಕಿಟಕಿ

ಅಪರ್ಚರ್ ಒಂದು ಸ್ಟಾಪ್ ಕಿರಿದು ಮಾಡಿದರೆ ಗಾಜಿನ ಅಂಚಿನಿಂದ ಬರುವ ದೋಷಪೂರಿತ ಕಿರಣಗಳು ಕಳಚಿಕೊಂಡು ಚಿತ್ರ ಚುರುಕಾಗುತ್ತದೆ. ಎಫ್/1.8ರ ಪ್ರೈಮ್ ಲೆನ್ಸಿಗೆ ಹೀಗೆ ಕಿರಿದಾಗಿಸಲು ಮೂರು-ನಾಲ್ಕು ಸ್ಟಾಪ್ ಅವಕಾಶವಿದೆ. ಎಫ್/6.3ರಿಂದ ಶುರುವಾಗುವ ಲೆನ್ಸಿಗೆ ಅಷ್ಟು ಜಾಗವಿಲ್ಲ, ಏಕೆಂದರೆ ಇನ್ನೊಂದು ಬದಿಯಿಂದ ವಿವರ್ತನೆ ಎದುರಾಗುತ್ತದೆ. ಕಿಂಡಿ ಕಿರಿದಾದಷ್ಟೂ ಬೆಳಕಿನ ಅಲೆ ಹರಡಿ, ಒಂದು ಚುಕ್ಕೆ ಚಿಕ್ಕ ತಟ್ಟೆಯಾಗುತ್ತದೆ. ಹಸಿರು ಬೆಳಕಿಗೆ ಆ ತಟ್ಟೆಯ ಅಗಲ ಎಫ್/8ರಲ್ಲಿ ಸುಮಾರು 10.7 ಮೈಕ್ರಾನ್, ಎಫ್/11ರಲ್ಲಿ 14.8, ಎಫ್/16ರಲ್ಲಿ 21.5. 3.9 ಮೈಕ್ರಾನ್ ಪಿಕ್ಸೆಲ್‌ಗೆ ಹೋಲಿಸಿ: ಎಫ್/16ರಲ್ಲಿ ಒಂದು ಚುಕ್ಕೆ ಐದಕ್ಕೂ ಹೆಚ್ಚು ಪಿಕ್ಸೆಲ್ ಅಗಲಕ್ಕೆ ಹರಡಿರುತ್ತದೆ. ಯಾವ ದುಬಾರಿ ಲೆನ್ಸೂ ಇದರಿಂದ ಪಾರಾಗಲಾರದು.

ಹೀಗಾಗಿ ಟೆಲಿ ತುದಿಯಲ್ಲಿ ಕೆಲಸಕ್ಕೆ ಬರುವ ಕಿಟಕಿ ಎಫ್/8ರಿಂದ ಎಫ್/11ರವರೆಗೆ, ಅಷ್ಟೇ. ವೈಡ್ ತುದಿಯಲ್ಲಿ ಎಫ್/5.6ರಿಂದ ಎಫ್/8. ‘ಎಲ್ಲವೂ ಶಾರ್ಪ್ ಬರಲಿ’ ಎಂದು ಎಫ್/22 ಇಡುವುದು ಈ ಲೆನ್ಸುಗಳೊಂದಿಗೆ ನಡೆಯುವ ದೊಡ್ಡ ತಪ್ಪು. 2024ರಲ್ಲಿ ಬಂದ ನಿಕಾನ್‌ನ 28-400 ಲೆನ್ಸಿನಲ್ಲಿ 400 ಎಂಎಂಗೆ ಸಿಗುವ ಅತಿ ದೊಡ್ಡ ಕಿಂಡಿಯೇ ಎಫ್/8. ಅಲ್ಲಿ ಕಿರಿದಾಗಿಸಿ ಗಳಿಸುವುದು ಹೆಚ್ಚೇನೂ ಉಳಿದಿಲ್ಲ, ಪೂರ್ತಿ ತೆರೆದೇ ಬಳಸಬೇಕು.

ಈಗ ಬೆಳಕಿನ ಲೆಕ್ಕ ಸೇರಿಸಿ. ನೆತ್ತಿಯ ಬಿಸಿಲಿನಲ್ಲಿ ಎಫ್/8, 1/800 ಸೆಕೆಂಡಿಗೆ ಐಎಸ್‌ಒ 200 ಸಾಕು (ಐಎಸ್‌ಒ ಎಂದರೆ ಬೆಳಕಿಗೆ ಸೆನ್ಸರಿನ ಸಂವೇದನೆ; ಅಂಕಿ ಏರಿದಷ್ಟೂ ಕಾಳು ಹೆಚ್ಚು). ಮೋಡ ಕವಿದು ಬೆಳಕು ಮೂರು ಸ್ಟಾಪ್ ಇಳಿದರೆ 1600. ಮರದ ನೆರಳಿನೊಳಗೆ ಇನ್ನೂ ಎರಡು ಸ್ಟಾಪ್ ಹೋದರೆ 6400. ಆಗ ಕ್ಯಾಮೆರಾ ಜೆಪೆಗ್ ತಯಾರಿಸುವಾಗ ಕಾಳುಗಳನ್ನು ಅಳಿಸಲು ಹೋಗಿ ಗರಿ, ಕೂದಲು, ಎಲೆಗಳ ವಿವರವನ್ನೂ ಒರೆಸಿಹಾಕುತ್ತದೆ. ಲೆನ್ಸ್ ಸಾಫ್ಟ್ ಎಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ಈ ಒರೆಸಾಟ. ಅದೇ ದೃಶ್ಯವನ್ನು ರಾ (ಕ್ಯಾಮೆರಾ ಸಂಸ್ಕರಿಸದ) ಫೈಲಿನಲ್ಲಿ ತೆಗೆದು ನಾಯ್ಸ್ ರಿಡಕ್ಷನ್ ಹದವಾಗಿ ಕೊಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಜೆಪೆಗ್ ಮಾತ್ರ ಬಳಸುವವರು ಮೆನುವಿನಲ್ಲಿ ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಅನ್ನು ‘ಲೋ’ಗೆ ಇಳಿಸಿ.

ಒಳಾಂಗಣದಲ್ಲಿ ಈ ಲೆನ್ಸಿನಿಂದ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. 50 ಎಂಎಂಗೆ ಬರುವಷ್ಟರಲ್ಲಿ ಅಪರ್ಚರ್ ಎಫ್/5ರ ಸುಮಾರಿಗೆ ಇಳಿದಿರುತ್ತದೆ. ಅದು ಐಎಸ್‌ಒ 3200 ಕೇಳುವ ಜಾಗದಲ್ಲಿ ಎಫ್/1.8 ಪ್ರೈಮ್‌ಗೆ 400 ಸಾಕು.

ಮೂಲೆಗಳು, ಬಾಗಿದ ಗೆರೆಗಳು, ನೇರಳೆ ಅಂಚು

18ರಲ್ಲಿ ನೇರ ಗೆರೆಗಳು ಹೊರಕ್ಕೆ ಉಬ್ಬುತ್ತವೆ, 35 ದಾಟುವಷ್ಟರಲ್ಲಿ ಒಳಕ್ಕೆ ಬಾಗತೊಡಗುತ್ತವೆ. ಎರಡನ್ನೂ ಕ್ಯಾಮೆರಾ ಅಥವಾ ಸಾಫ್ಟ್‌ವೇರಿನ ಲೆನ್ಸ್ ಪ್ರೊಫೈಲ್ ನೇರ ಮಾಡುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ. ಉಬ್ಬನ್ನು ನೇರ ಮಾಡಲು ಮೂಲೆಗಳ ಪಿಕ್ಸೆಲ್‌ಗಳನ್ನು ಹೊರಕ್ಕೆ ಎಳೆಯಬೇಕು. ಎಳೆದ ಜಾಗದಲ್ಲಿ ವಿವರ ತೆಳುವಾಗುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳ ಕೆಲವು ಲೆನ್ಸುಗಳನ್ನು ಈ ತಿದ್ದುಪಡಿ ಇದ್ದೇ ಇರುತ್ತದೆ ಎಂದು ನಂಬಿಯೇ ವಿನ್ಯಾಸ ಮಾಡಿದ್ದಾರೆ. ಕ್ಯಾನನ್ ಆರ್‌ಎಫ್ 24-240 ಇದಕ್ಕೆ ಉದಾಹರಣೆ: 24 ಎಂಎಂನಲ್ಲಿ ತಿದ್ದದ ರಾ ಫೈಲಿನ ಮೂಲೆಗಳು ಕಪ್ಪಾಗಿಯೇ ಇರುತ್ತವೆ. ಹಾಗೆ ಕಂಡರೆ ಗಾಬರಿ ಬೇಡ, ಪ್ರೊಫೈಲ್ ಆನ್ ಮಾಡಿ.

ಮೂಲೆಗಳ ಕತ್ತಲೆಯ ಕಥೆಯೂ ಇದೇ. ಎರಡು ಸ್ಟಾಪ್ ಕತ್ತಲೆಯೆಂದರೆ ಮಧ್ಯಕ್ಕೆ ಬಿದ್ದ ಬೆಳಕಿನ ಕಾಲುಭಾಗ. ಸಾಫ್ಟ್‌ವೇರ್ ಅದನ್ನು ನಾಲ್ಕು ಪಟ್ಟು ಎತ್ತುತ್ತದೆ, ಜೊತೆಗೆ ಕಾಳನ್ನೂ ಎತ್ತುತ್ತದೆ. ಐಎಸ್‌ಒ 1600ರ ಚಿತ್ರದ ಮೂಲೆ 6400ರ ಚಿತ್ರದಂತೆ ಕಾಣುತ್ತದೆ. ಅಪರ್ಚರ್ ಒಂದೆರಡು ಸ್ಟಾಪ್ ಕಿರಿದು ಮಾಡುವುದೇ ಇದಕ್ಕೆ ಮದ್ದು.

ಬಣ್ಣದ ಅಂಚುಗಳಲ್ಲಿ ಎರಡು ಜಾತಿ. ಮೂಲೆಯ ಕಡೆ ರೆಂಬೆಗಳ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು-ನೀಲಿ ಕಂಡರೆ, ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ಗಾತ್ರದಲ್ಲಿ ಮೂಡಿವೆ ಎಂದು ಅರ್ಥ. ಅಪರ್ಚರ್ ಬದಲಿಸಿದರೆ ಇದು ಹೋಗುವುದಿಲ್ಲ, ಸಾಫ್ಟ್‌ವೇರಿನ ಒಂದು ಟಿಕ್ ಗುರುತಿಗೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಚಿತ್ರದ ಮಧ್ಯದಲ್ಲೂ ಬೆಳಗುವ ಆಕಾಶದೆದುರು ನೇರಳೆ ಅಂಚು ಕಂಡರೆ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಫೋಕಸ್ ಆಗಿವೆ. ಇದು ಅಪರ್ಚರ್ ಕಿರಿದಾಗಿಸಿದರೆ ಇಳಿಯುತ್ತದೆ, ಸಾಫ್ಟ್‌ವೇರಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಭೂದೃಶ್ಯಕ್ಕೆ ಮೂಲೆಯವರೆಗೂ ವಿವರ ಬೇಕಿದ್ದರೆ 18ರಲ್ಲಿ ಒಂದು ಚಿತ್ರ ತೆಗೆಯುವ ಬದಲು, 35ರಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ 4-5 ಚಿತ್ರ ತೆಗೆದು ಪನೋರಮಾ ಹೊಲಿಯಿರಿ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿರಬೇಕು. ಲೆನ್ಸಿನ ದುರ್ಬಲ ತುದಿಯನ್ನು ಬಿಟ್ಟು ಗಟ್ಟಿ ಭಾಗದಿಂದಲೇ ಅಗಲವಾದ ಚಿತ್ರ ಸಿಗುತ್ತದೆ.

ನಿಮ್ಮ ಲೆನ್ಸ್ ಓರೆಯಾಗಿದೆಯೇ?

ಇಷ್ಟೆಲ್ಲ ಸರಿಯಿದ್ದೂ ಚಿತ್ರದ ಎಡಭಾಗ ಯಾವಾಗಲೂ ಮಂಕು, ಬಲಭಾಗ ಚೆನ್ನ ಎಂದಾದರೆ ಗಾಜಿನ ಯಾವುದೋ ಗುಂಪು ತನ್ನ ಅಕ್ಷದಿಂದ ಜರುಗಿರಬಹುದು. ಒಂದರೊಳಗೊಂದು ಕೂರುವ ಕೊಳವೆಗಳು, ಹಲವು ದಿಕ್ಕಿಗೆ ಸರಿಯುವ ಗುಂಪುಗಳು ಇರುವುದರಿಂದ ಈ ಬಗೆಯ ಲೆನ್ಸಿನಲ್ಲಿ ಇದರ ಸಾಧ್ಯತೆ ಹೆಚ್ಚು. ಹೊಸದಾಗಿಯೇ ಹಾಗಿರಬಹುದು, ಒಮ್ಮೆ ಬಿದ್ದಮೇಲೆ ಆಗಿರಬಹುದು. ಕೊಂಡ ಮೊದಲ ವಾರದಲ್ಲೇ, ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಪರೀಕ್ಷಿಸಿಕೊಳ್ಳುವುದು ಜಾಣತನ.

ಇಟ್ಟಿಗೆ ಗೋಡೆಯ ಚಿತ್ರ ತೆಗೆದು ನೋಡುವುದು ರೂಢಿ. ನಮ್ಮ ಮಟ್ಟಿಗೆ ಅದು ಒಳ್ಳೆಯ ವಿಧಾನವಲ್ಲ: ಕ್ಯಾಮೆರಾ ಗೋಡೆಗೆ ಕೂದಲೆಳೆಯಷ್ಟು ಓರೆಯಾದರೂ ಒಂದು ಬದಿ ಮಂಕಾಗಿ, ಒಳ್ಳೆಯ ಲೆನ್ಸಿಗೆ ಕೆಟ್ಟ ಹೆಸರು ಬರುತ್ತದೆ. ಇದಕ್ಕಿಂತ ನಂಬಬಹುದಾದ ದಾರಿ ಹೀಗಿದೆ. ತಂಪಾದ ಬೆಳಗಿನಲ್ಲಿ, ನೂರಾರು ಮೀಟರ್ ದೂರದ, ಸೂಕ್ಷ್ಮ ವಿವರಗಳಿರುವ ಒಂದು ವಸ್ತು ಆರಿಸಿ. ಕಬ್ಬಿಣದ ಗೋಪುರ, ಅಕ್ಷರಗಳಿರುವ ಫಲಕ ಯಾವುದಾದರೂ ಸರಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಸ್ಟೆಬಿಲೈಸರ್ ಆಫ್, ಐಎಸ್‌ಒ 100, ರಾ ಫೈಲ್, 2 ಸೆಕೆಂಡ್ ಟೈಮರ್, ಅಪರ್ಚರ್ ಪೂರ್ತಿ ತೆರೆದಿರಲಿ. ವಸ್ತುವನ್ನು ನಟ್ಟನಡುವೆ ಇಟ್ಟು ಫೋಕಸ್ ಮಾಡಿ, ಮ್ಯಾನುಯಲ್ ಫೋಕಸಿಗೆ ಬದಲಿಸಿ, ರಿಂಗ್ ಮುಟ್ಟಬೇಡಿ. ಒಂದು ಚಿತ್ರ ತೆಗೆಯಿರಿ. ಆಮೇಲೆ ಕ್ಯಾಮೆರಾ ತಿರುಗಿಸಿ ಅದೇ ವಸ್ತು ಮೇಲೆಡ, ಮೇಲ್ಬಲ, ಕೆಳಗೆಡ, ಕೆಳಬಲ ಮೂಲೆಗಳಿಗೆ ಬರುವಂತೆ ನಾಲ್ಕು ಚಿತ್ರ. 18, 50, 135, 300ರಲ್ಲಿ ಇದೇ ಐದೈದು; ಆಮೇಲೆ ಎಫ್/8ರಲ್ಲಿ ಮತ್ತೊಮ್ಮೆ.

ಮೂಲೆಗಳು ಮಧ್ಯಕ್ಕಿಂತ ಮಂಕಾಗಿರುವುದು ಸಹಜ. ನಾಲ್ಕೂ ಮೂಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು, ಅಷ್ಟೇ. ಒಂದು ಮೂಲೆ ಅಥವಾ ಒಂದು ಬದಿ ಎಫ್/8ರಲ್ಲೂ ಎದ್ದು ಕಾಣುವಷ್ಟು ಹಿಂದುಳಿದಿದ್ದರೆ ಅದು ದೋಷ. ಚಿತ್ರಗಳ ಸಮೇತ ಸರ್ವಿಸ್ ಸೆಂಟರಿಗೆ ಕೊಡಿ. ನಾಲ್ಕೂ ಸಮನಾಗಿ ಮಂಕಾಗಿದ್ದರೆ ವಸ್ತುವನ್ನು ಮೂಲೆಯಲ್ಲಿಟ್ಟೇ ಹೊಸದಾಗಿ ಫೋಕಸ್ ಮಾಡಿ ನೋಡಿ. ಆಗ ಮೂಲೆ ಶಾರ್ಪ್ ಆಯಿತೆಂದರೆ ಲೆನ್ಸಿನ ಫೋಕಸ್ ತಲ ಬಟ್ಟಲಿನಂತೆ ಬಾಗಿದೆ. ವಿನ್ಯಾಸದ ಗುಣವದು, ರಿಪೇರಿಯಿಂದ ಹೋಗುವಂಥದ್ದಲ್ಲ. ಅಂಥ ಲೆನ್ಸಿನಲ್ಲಿ ಭೂದೃಶ್ಯ ತೆಗೆಯುವಾಗ ನಟ್ಟನಡುವಿನ ಬದಲು, ಮಧ್ಯಕ್ಕೂ ಅಂಚಿಗೂ ನಡುವಿನ ಒಂದು ಬಿಂದುವಿಗೆ ಫೋಕಸ್ ಮಾಡಿ.

ಲೆನ್ಸನ್ನು ಮುಂದೆಯೂ ಹಾಳಾಗದಂತೆ ಕಾಯುವುದು ನಿಮ್ಮ ಕೈಯಲ್ಲಿದೆ: ಚೀಲಕ್ಕೆ ಹಾಕುವಾಗ ಝೂಮ್ ಪೂರ್ತಿ ಒಳಗೆಳೆದು ಲಾಕ್ ಒತ್ತಿ. ಕ್ಯಾಮೆರಾ ಕೆಳಮುಖವಾಗಿದ್ದಾಗ ಭಾರಕ್ಕೆ ಕೊಳವೆ ತಾನೇ ಜಾರುವ ಲೆನ್ಸಾದರೆ, ಟ್ರೈಪಾಡ್ ಮೇಲೆ 10 ಸೆಕೆಂಡಿನ ಎಕ್ಸ್‌ಪೋಶರಿನಲ್ಲೂ ಅದು ಜಾರುತ್ತಿರುತ್ತದೆ, ಗೆರೆಗಳು ಮಧ್ಯದಿಂದ ಹೊರಕ್ಕೆ ಚಿಮ್ಮಿದಂತೆ ಬರುತ್ತವೆ. ರಿಂಗ್ ಮೇಲೆ ಅಗಲವಾದ ರಬ್ಬರ್ ಪಟ್ಟಿ ಬಿಗಿದರೆ ನಿಲ್ಲುತ್ತದೆ.

ಗಾಳಿ ಮತ್ತು ಮುಂದಿನ ಗಾಜು

ಬಿಸಿಲೇರಿದ ಮೇಲೆ ಡಾಂಬರು ರಸ್ತೆ, ಬಂಡೆ, ಚಾವಣಿಗಳ ಮೇಲಿನ ಬಿಸಿ ಗಾಳಿ ಅಲೆಅಲೆಯಾಗಿ ಏಳುತ್ತದೆ. 300ರಲ್ಲಿ ಅದರ ಮೂಲಕ ಅರ್ಧ ಕಿಲೋಮೀಟರ್ ಆಚೆಯ ವಸ್ತು ತೆಗೆದರೆ ಶಟರ್ ಸ್ಪೀಡ್ ಎಷ್ಟೇ ಇರಲಿ, ಲೆನ್ಸ್ ಯಾವುದೇ ಇರಲಿ, ಗೆರೆಗಳು ನಲುಗುತ್ತವೆ. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯೊಳಗೆ ತೆಗೆಯುವುದು ಅಥವಾ ಹತ್ತಿರ ಹೋಗುವುದು, ಎರಡೇ ದಾರಿ. ತಂಪಾದ ಕಾರಿನ ಕಿಟಕಿ ಇಳಿಸಿದ ಕೂಡಲೇ ತೆಗೆದರೂ ಬಿಸಿ ಮತ್ತು ತಣ್ಣನೆ ಗಾಳಿ ಬೆರೆಯುವ ಜಾಗದಲ್ಲಿ ಇದೇ ಆಗುತ್ತದೆ. ಕಿಟಕಿಯ ಗಾಜಿನ ಮೂಲಕ ಓರೆಯಾಗಿ ತೆಗೆದರಂತೂ ಕೇಳುವುದೇ ಬೇಡ. ಎ.ಸಿ. ಕೋಣೆಯಿಂದ ಸೆಕೆಯ ಹೊರಾಂಗಣಕ್ಕೆ ಬಂದಾಗ ಗಾಜಿನ ಮೇಲೆ ಹಬೆ ಕೂರುತ್ತದೆ. 20-30 ನಿಮಿಷ ಚೀಲದೊಳಗೇ ಬಿಟ್ಟು ಹೊರಗಿನ ಉಷ್ಣಕ್ಕೆ ಹೊಂದಿಕೊಳ್ಳಲಿ.

ರಕ್ಷಣೆಗೆಂದು ಹಾಕಿದ ಅಗ್ಗದ ಯುವಿ ಫಿಲ್ಟರನ್ನು ತೆಗೆದು 300ರಲ್ಲಿ ಎರಡು ಚಿತ್ರ ಹೋಲಿಸಿ. ವೈಡ್‌ನಲ್ಲಿ ಏನೂ ಅನಿಸದ ಫಿಲ್ಟರ್ ಟೆಲಿಯಲ್ಲಿ ಇಡೀ ಚಿತ್ರವನ್ನು ಮಂಕು ಮಾಡಬಲ್ಲದು, ಅದರ ಸಮತಟ್ಟಿನ ಸಣ್ಣ ಕೊರತೆಯೂ ಅಲ್ಲಿ ಹಿಗ್ಗುವುದರಿಂದ. ಲೆನ್ಸ್ ಜೊತೆ ಬಂದ ಹುಡ್ ಯಾವಾಗಲೂ ಇರಲಿ. ಆದರೆ ಅದನ್ನು ವೈಡ್ ತುದಿಯ ನೋಟಕ್ಕೆ ಅಡ್ಡ ಬಾರದಂತೆ ಕತ್ತರಿಸಿರುತ್ತಾರೆ. ಟೆಲಿಯಲ್ಲಿ ಅದು ಕೊಡುವ ನೆರಳು ಸಾಲದು, ಬದಿಯಿಂದ ಸೂರ್ಯ ಹೊಡೆಯುತ್ತಿದ್ದರೆ ಲೆನ್ಸಿನ ಮೇಲೆ ಅಂಗೈ ಮರೆ ಹಿಡಿಯಿರಿ.

ಕೊನೆಯ ಎಳೆತ ಬೇಕೇ?

ಈ ಲೆನ್ಸುಗಳಲ್ಲಿ ಹಲವು 200-250ರವರೆಗೆ ಚೆನ್ನಾಗಿದ್ದು ಕೊನೆಯ ತುದಿಯಲ್ಲಿ ಕುಸಿಯುತ್ತವೆ. ನಿಮ್ಮದು ಹಾಗಿದೆಯೇ ಎಂದು ತಿಳಿಯಲು ಟ್ರೈಪಾಡ್ ಮೇಲೆ ಒಂದೇ ವಸ್ತುವನ್ನು 200ರಲ್ಲಿ ಎಫ್/8, 300ರಲ್ಲಿ ಎಫ್/8 ಇಟ್ಟು ತೆಗೆಯಿರಿ. 200ರ ಚಿತ್ರವನ್ನು 300ರ ನೋಟಕ್ಕೆ ಕತ್ತರಿಸಿದರೆ 24ರಲ್ಲಿ 10.7 ಮೆಗಾಪಿಕ್ಸೆಲ್ ಉಳಿಯುತ್ತದೆ. ಎರಡನ್ನೂ ಒಂದೇ ಗಾತ್ರಕ್ಕೆ ತಂದು ಪಕ್ಕಪಕ್ಕ ಇಡಿ. 200ರದ್ದೇ ಸಮ ಅಥವಾ ಮೇಲು ಎನಿಸಿದರೆ ಕೊನೆಯ ಎಳೆತ ನಿಮಗೆ ಏನನ್ನೂ ಕೊಡುತ್ತಿಲ್ಲ. ಅಲ್ಲಿ ತೆಗೆದು ಕತ್ತರಿಸುವುದೇ ಲೇಸು.

ಸಾಫ್ಟ್‌ವೇರಿನಲ್ಲಿ ಶಾರ್ಪನಿಂಗ್ ಕೊಡುವಾಗ ರೇಡಿಯಸ್ 1ರಿಂದ 1.5ರೊಳಗೆ ಇರಲಿ, ಮಾಸ್ಕಿಂಗ್ ಏರಿಸಿ ಆಕಾಶ ಮತ್ತು ಚರ್ಮಕ್ಕೆ ತಗಲದಂತೆ ನೋಡಿಕೊಳ್ಳಿ. ಅಂಚುಗಳ ಸುತ್ತ ಬಿಳಿ ಗೆರೆ ಕಂಡಿತೆಂದರೆ ಅತಿಯಾಗಿದೆ. ಎಐ ಶಾರ್ಪನಿಂಗ್ ಹಕ್ಕಿಯ ಗರಿಗಳಿಗೆ ಇಲ್ಲದ ಗೆರೆಗಳನ್ನು ತಾನೇ ಬರೆದುಬಿಡಬಹುದು, ಆದ್ದರಿಂದ ಹಿಗ್ಗಿಸಿ ನೋಡಿಯೇ ಒಪ್ಪಿಕೊಳ್ಳಿ.

ಎರಡನೆಯ ಲೆನ್ಸ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಫೈಲುಗಳಲ್ಲೇ ಇದೆ. ಪ್ರತಿ ಚಿತ್ರದೊಳಗೂ ಫೋಕಲ್ ಲೆಂಗ್ತ್, ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ದಾಖಲಾಗಿರುತ್ತವೆ. ಚಿತ್ರ ಸಂಗ್ರಹದ ಸಾಫ್ಟ್‌ವೇರಿನಲ್ಲಿ ಅವುಗಳ ಪ್ರಕಾರ ವಿಂಗಡಿಸಬಹುದು. ಕಳೆದ ಎರಡು ಪ್ರವಾಸಗಳಲ್ಲಿ ನೀವು ಉಳಿಸಿಕೊಂಡ ಒಳ್ಳೆಯ ಚಿತ್ರಗಳನ್ನಷ್ಟೇ ಎಣಿಸಿ. ಬಹುಪಾಲು 24ರಿಂದ 70ರೊಳಗಿದ್ದು ಐಎಸ್‌ಒ 1600 ದಾಟಿದ್ದರೆ ನಿಮಗೆ ಬೇಕಿರುವುದು 35 ಎಂಎಂ ಎಫ್/1.8ರಂಥ ಅಂಗೈಯಗಲದ ಪ್ರೈಮ್. ಅದು ಜೇಬಿನಲ್ಲೇ ಕೂರುತ್ತದೆ, ಝೂಮ್ ಲೆನ್ಸ್ ಹಗಲಿಗೆ ಹಾಗೆಯೇ ಇರಲಿ. ಬಹುಪಾಲು 200ರಿಂದ ಆಚೆ ಇದ್ದರೆ 70-300ರಂಥ, ಟೆಲಿಗೆಂದೇ ಮಾಡಿದ ಲೆನ್ಸ್ ಹೊರುವ ತೂಕಕ್ಕೆ ನ್ಯಾಯ ಒದಗಿಸುತ್ತದೆ. ಎಲ್ಲ ಕಡೆಗೂ ಹರಡಿಕೊಂಡಿದ್ದರೆ, ಹಾಗೂ ಹಾಳಾದ ಚಿತ್ರಗಳ ಶಟರ್ ಸ್ಪೀಡ್ ನೋಡಿದಾಗ 300ರಲ್ಲಿ 1/100, 1/160 ಎಂಬ ಅಂಕಿಗಳೇ ಸಾಲಾಗಿ ಕಂಡರೆ, ಹೊಸ ಲೆನ್ಸ್ ಬೇಡ. ಆಟೊ ಐಎಸ್‌ಒ ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡನ್ನು ಫೋಕಲ್ ಲೆಂಗ್ತಿಗೆ ತಕ್ಕಂತೆ ಏರುವ ‘ಆಟೊ’ಗೆ ಇಟ್ಟು, ಅದರಲ್ಲಿ ‘ಫಾಸ್ಟರ್’ ಕಡೆಗೆ ಒಂದು ಹೆಜ್ಜೆ ಸರಿಸಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಆ ಆಯ್ಕೆ ಇದೆ, ಒಮ್ಮೆ ಇಟ್ಟರೆ ಮತ್ತೆ ಮುಟ್ಟಬೇಕಿಲ್ಲ.